ನಮ್ಮ ಫೈಲು, ಅವರ ಕಿಟಕಿ

ಕಂಪ್ಯೂಟರನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರೆಹಗಳು ಹೆಚ್ಚಾಗಿ ಎರಡು ಬಗೆಯವು. ಅದನ್ನು ಬಳಸುವುದು ಹೇಗೆಂದು ಹೇಳಿಕೊಡುವಂಥವು ಒಂದು ಬಗೆ. ಅದು ಬಂದು ನಮ್ಮ ಭಾಷೆ, ಓದು, ನೆನಪಿನ ಶಕ್ತಿ ಎಲ್ಲ ಹಾಳಾಯಿತೆಂದು ಮರುಗುವಂಥವು ಇನ್ನೊಂದು ಬಗೆ. ಕಾದಂಬರಿಯನ್ನೋ ಸಿನಿಮಾವನ್ನೋ ಮುಂದಿಟ್ಟುಕೊಂಡು, ಇದು ಯಾರನ್ನು ತನ್ನ ಓದುಗರೆಂದು ಭಾವಿಸಿದೆ, ಯಾರನ್ನು ಕಾಣದೆ ಹೋಗಿದೆ ಎಂದು ನಾವು ಕೇಳುತ್ತೇವಲ್ಲ, ಆ ಪ್ರಶ್ನೆಯನ್ನು ತಂತ್ರಾಂಶಕ್ಕೆ ಕೇಳಿದ್ದು ಕಡಿಮೆ. ಹಾಗೆ ಕೇಳಲು ಇಲ್ಲಿ ಆರಿಸಿಕೊಂಡಿರುವುದು ತೀರ ಸಣ್ಣ ವಸ್ತು. ಯಾವುದೇ ಪ್ರೋಗ್ರಾಮಿನಲ್ಲಿ ‘ಓಪನ್’ ಒತ್ತಿದಾಗ, ಅಥವಾ ಅರ್ಜಿಯೊಂದಕ್ಕೆ ಫೋಟೋ ಲಗತ್ತಿಸಲು ಹೊರಟಾಗ, ಫೈಲುಗಳನ್ನು ಸಾಲಾಗಿ ತೋರಿಸಿ ಯಾವುದು ಬೇಕೆಂದು ಕೇಳುವ ಚೌಕ ಕಿಟಕಿ ಅದು.

ಪ್ರೋಗ್ರಾಮಿನ ಉಳಿದೆಲ್ಲ ಭಾಗ ಅದನ್ನು ಮಾಡಿದವರದು. ಮೆನು ಅವರದು, ಗುಂಡಿ ಅವರದು, ಬಣ್ಣವೂ ಅವರದೇ. ಈ ಒಂದು ಕಿಟಕಿಯಲ್ಲಿ ಮಾತ್ರ ನಮ್ಮ ಸರಂಜಾಮು ಕಾಣುತ್ತದೆ: ಮಗಳ ಅಂಕಪಟ್ಟಿ, ಜಮೀನಿನ ಪಹಣಿ, ತಂಗಿಯ ಮದುವೆಯ ಫೋಟೋ, ಅರ್ಧಕ್ಕೆ ನಿಂತ ಕತೆ. ಬೇರೊಬ್ಬರು ಕಟ್ಟಿದ ಮನೆಯಲ್ಲಿ ನಮ್ಮ ಪೆಟ್ಟಿಗೆ ಇಡುವ ಮೂಲೆ ಇದು. ಆ ಪೆಟ್ಟಿಗೆಯೊಳಗಿನ ಸಾಮಾನು ಹೇಗೆ ಕಾಣಬೇಕು, ಹೆಸರಾಗಿಯೋ ಚಿತ್ರವಾಗಿಯೋ, ಹೊಸದು ಮೇಲೋ ಹಳೆಯದು ಮೇಲೋ ಎನ್ನುವುದನ್ನು ಸಾಮಾನಿನ ಒಡೆಯರು ಹೇಳಬೇಕು ಎನ್ನುವುದು ಸಹಜ ನ್ಯಾಯ. ವಾಸ್ತವದಲ್ಲಿ ಪ್ರೋಗ್ರಾಮುಗಳು ನಮ್ಮ ಮಾತನ್ನು ಅತಿ ಕಡಿಮೆ ಕೇಳಿಸಿಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಬರೆಯುವ ಪುಟದ ಅಕ್ಷರವನ್ನು ಇಪ್ಪತ್ತು ಬಗೆಯಲ್ಲಿ ಬದಲಿಸಿಕೊಳ್ಳಲು ಬಿಡುವ ತಂತ್ರಾಂಶ, ಆ ಪುಟವನ್ನು ಹುಡುಕಿ ತೆಗೆಯುವ ಕಿಟಕಿಯನ್ನು ಮುಟ್ಟಲು ಬಿಡುವುದಿಲ್ಲ.

ಈ ಕಿಟಕಿ ಹಿಂದೆ ಪ್ರೋಗ್ರಾಮಿಗೊಂದು ಥರ ಇರುತ್ತಿತ್ತು. ಆಪಲ್ ಕಂಪನಿ 1984ರ ಮ್ಯಾಕಿಂಟಾಷ್‌ನಲ್ಲೇ ಎಲ್ಲ ಪ್ರೋಗ್ರಾಮುಗಳಿಗೂ ಒಂದೇ ಮಾದರಿಯ ಕಿಟಕಿಯನ್ನು ಒದಗಿಸಿತ್ತು. ಮೈಕ್ರೋಸಾಫ್ಟ್ ಆ ಕೆಲಸವನ್ನು 1992ರ ವಿಂಡೋಸ್ 3.1ರಲ್ಲಿ ಮಾಡಿತು. ಒಂದು ಕಡೆ ಕಲಿತದ್ದು ಎಲ್ಲ ಕಡೆ ನಡೆಯುವಂತಾದದ್ದು ಸಣ್ಣ ಉಪಕಾರವಲ್ಲ. ಆಗ ಫೈಲಿನ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ವಿಂಡೋಸ್ 95 ಬಂದು ಉದ್ದ ಹೆಸರಿಗೆ ಅವಕಾಶವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಕಿಟಕಿಯಲ್ಲಿ ಥಂಬ್‌ನೇಲ್, ಅಂದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಚಿತ್ರ, ಕಾಣತೊಡಗಿತು. ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬರುತ್ತಿದ್ದ ಕಾಲ ಅದು. ಮಾರುಕಟ್ಟೆಯ ಒತ್ತಡ ಮಾಡಿಸಿದ ಕೆಲಸ ಎಂದು ಯಾರಾದರೂ ಹೇಳಿದರೆ ಒಪ್ಪೋಣ; ಕೆಲಸವಂತೂ ಆಯಿತು.

ನಮ್ಮ ತಕರಾರು ಇರುವುದು ಲಾಭಕ್ಕಾಗಿ ದುಡಿಯುವ ಕಂಪನಿಗಳಿಗಿಂತ ಹೆಚ್ಚಾಗಿ, ಸ್ವಾತಂತ್ರ್ಯದ ಹೆಸರಿನಲ್ಲಿ ಹುಟ್ಟಿದ ಗ್ನೋಮ್ ಯೋಜನೆಯ ಮೇಲೆ. ಲಾಭ ನೋಡುವವರಿಂದ ನಾವು ನಿರೀಕ್ಷಿಸುವುದೇ ಕಡಿಮೆ. ನೀತಿಯ ಮಾತಾಡಿದವರನ್ನು ಅವರ ಮಾತಿನ ಅಳತೆಯಲ್ಲೇ ಅಳೆಯಬೇಕಾಗುತ್ತದೆ.

ಲಿನಕ್ಸ್ ಬಳಸುವವರ ಕಂಪ್ಯೂಟರಿನ ಮುಖವಾಗಿ ಗ್ನೋಮ್ ಶುರುವಾದದ್ದು 1997ರ ಆಗಸ್ಟಿನಲ್ಲಿ. ಶುರು ಮಾಡಿದ ಮಿಗೆಲ್ ದೆ ಇಕಾಸಾ, ಫೆದೆರಿಕೊ ಮೆನಾ ಇಬ್ಬರೂ ಮೆಕ್ಸಿಕೊದವರು. ತಂತ್ರಾಂಶ ಎಂದರೆ ಅಮೆರಿಕ ಮಾಡುವುದು, ಉಳಿದವರು ಕೊಳ್ಳುವುದು ಎಂದಿದ್ದ ದಿನಗಳಲ್ಲಿ ಇದು ಗಮನಿಸಬೇಕಾದ ಸಂಗತಿ. ಆಗಾಗಲೇ ಕೆಡಿಇ ಎಂಬ ಇನ್ನೊಂದು ಯೋಜನೆ ಇತ್ತು. ಆದರೆ ಅದು ನಿಂತಿದ್ದ ಕ್ಯೂಟಿ ಎಂಬ ಅಡಿಪಾಯ ಆಗ ಪೂರ್ತಿ ಸ್ವತಂತ್ರ ತಂತ್ರಾಂಶವಾಗಿರಲಿಲ್ಲ. ಆ ಕಾರಣಕ್ಕೇ ಗ್ನೋಮ್‌ನವರು ಬೇರೆ ಅಡಿಪಾಯ ಹುಡುಕಿದರು. ಅವರಿಗೆ ಸಿಕ್ಕಿದ್ದು ಜಿಟಿಕೆ. ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಪೀಟರ್ ಮ್ಯಾಟಿಸ್ ಮತ್ತು ಸ್ಪೆನ್ಸರ್ ಕಿಂಬಾಲ್, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಬರೆದಿದ್ದರು. ಅದರ ಗುಂಡಿ, ಪಟ್ಟಿ, ಕಿಟಕಿಗಳಿಗಾಗಿ ಹುಟ್ಟಿದ ಸಲಕರಣೆ ಪೆಟ್ಟಿಗೆಯೇ ಜಿಟಿಕೆ. ಹೆಸರಿನ ಮೊದಲ ಅಕ್ಷರವೇ ಗಿಂಪ್‌ನದು. ಚಿತ್ರಕ್ಕಾಗಿ ಹುಟ್ಟಿದ್ದು ಎನ್ನುವುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

2004ರ ಮಾರ್ಚಿನಲ್ಲಿ ಬಂದ ಜಿಟಿಕೆ 2.4, ಫೈಲು ಆರಿಸುವ ಹೊಸ ಕಿಟಕಿಯನ್ನು ತಂದಿತು. ಹಳೆಯದು ನೋಡಲು ಒರಟಾಗಿತ್ತು: ಒಂದು ಕಡೆ ಫೋಲ್ಡರು, ಇನ್ನೊಂದು ಕಡೆ ಫೈಲು, ಕೆಳಗೆ ಹೆಸರು ಹೊಡೆಯುವ ಜಾಗ. ಹೊಸದರಲ್ಲಿ ಎಡಕ್ಕೆ ನಮಗೆ ಬೇಕಾದ ಜಾಗಗಳ ಪಟ್ಟಿ, ಮೇಲೆ ದಾರಿ ತೋರಿಸುವ ಗುಂಡಿಗಳ ಸಾಲು, ನಡುವೆ ಫೈಲುಗಳು. ಅಂದವಾಗಿತ್ತು. ಆದರೆ ನಡುವಿನ ಆ ಸಾಲು ಬರಿಯ ಹೆಸರುಗಳ ಸಾಲು. ಫೋಟೋಗಳಿಂದ ತುಂಬಿದ ಫೋಲ್ಡರನ್ನು ತೆರೆದರೂ ಪ್ರತಿ ಹೆಸರಿನ ಪಕ್ಕದಲ್ಲಿ ಒಂದೇ ಥರದ ಪುಟಾಣಿ ಗುರುತು. ಪ್ರೋಗ್ರಾಮು ಬರೆದವರು ಮನಸ್ಸು ಮಾಡಿದರೆ, ಒತ್ತಿದ ಒಂದು ಫೈಲಿನ ಚಿತ್ರವನ್ನು ಬದಿಯಲ್ಲಿ ತೋರಿಸಬಹುದಿತ್ತು. ಎಲ್ಲ ಚಿತ್ರಗಳನ್ನು ಒಟ್ಟಿಗೆ ಹರಡಿ ನೋಡುವ ಬಗೆ ಇರಲಿಲ್ಲ. ಅದು ಬೇಕೆಂಬ ಬೇಡಿಕೆ ಅದೇ 2004ರಲ್ಲಿ ದಾಖಲಾಯಿತು. ಈಡೇರಿದ್ದು 2022ರ ಕೊನೆಯಲ್ಲಿ. ಬಳಸುವವರ ಕೈಗೆ ಬಂದದ್ದು 2023ರ ಮಾರ್ಚಿನಲ್ಲಿ, ಜಿಟಿಕೆ 4.10 ಮತ್ತು ಗ್ನೋಮ್ 44ರ ಜೊತೆ. ಹದಿನೆಂಟು ವರ್ಷ. ಬೇಡಿಕೆ ಇಟ್ಟ ದಿನ ಹುಟ್ಟಿದ ಮಗು ಅಷ್ಟರಲ್ಲಿ ಓಟು ಹಾಕುವ ವಯಸ್ಸಿಗೆ ಬಂದಿತ್ತು. ಲಿನಕ್ಸ್ ಬಳಗದಲ್ಲಿ ಇದೊಂದು ನಗೆಚಾಟಿಕೆಯ ವಿಷಯವಾಯಿತು. ನಗುವವರು ಹೆಚ್ಚಾಗಿ ಬೇರೆ ದಾರಿ ಬಲ್ಲವರು ಎಂಬುದನ್ನು ಆಮೇಲೆ ನೋಡೋಣ.

ಮಾಡಿದವರ ಕಡೆಯ ಮಾತನ್ನೂ ಕೇಳಬೇಕು. ಕೈಗಳು ಕಡಿಮೆ ಇದ್ದವು. ಲಕ್ಷಾಂತರ ಮಂದಿ ಬಳಸುವ ಈ ಸಲಕರಣೆ ಪೆಟ್ಟಿಗೆಯನ್ನು ದಿನವೂ ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಸಾವಿರಾರು ಚಿತ್ರಗಳಿರುವ ಫೋಲ್ಡರಿನಲ್ಲಿ ಎಲ್ಲದಕ್ಕೂ ಕಿರು ಪ್ರತಿ ಮಾಡಿ ತೋರಿಸಲು ಹಳೆಯ ಜಿಟಿಕೆಯ ಪಟ್ಟಿಗಳು ತ್ರಾಣವಿಲ್ಲದವಾಗಿದ್ದವು. ನಾಲ್ಕನೆಯ ಆವೃತ್ತಿಗೆ ಹೊಸ ಪಟ್ಟಿಗಳನ್ನು ಬರೆದ ಮೇಲಷ್ಟೆ ಅದು ಹಗುರವಾಯಿತು. ಇದು ನಿಜವಾದ ಅಡಚಣೆ, ನೆಪವಲ್ಲ. ಹೀಗೆ ದುಡಿದವರಿಗೆ ‘ಏಕೆ ಮಾಡಲಿಲ್ಲ’ ಎಂದು ದಬಾಯಿಸುವುದು ಸಭ್ಯತೆಯೂ ಅಲ್ಲ.

ಆದರೆ ಅಡಚಣೆಯ ಜೊತೆಗೆ ಒಂದು ಸಿದ್ಧಾಂತವೂ ಇತ್ತು. ಗ್ನೋಮ್‌ನ ಮುಂಚೂಣಿಯಲ್ಲಿದ್ದ ಹ್ಯಾವಕ್ ಪೆನಿಂಗ್ಟನ್ 2002ರಲ್ಲಿ ಬರೆದ ಪ್ರಬಂಧವೊಂದು ಅದರ ಸ್ಪಷ್ಟ ರೂಪ. ಬಳಸುವವರಿಗೆ ಕೊಡುವ ಪ್ರತಿ ಆಯ್ಕೆಗೂ ಒಂದು ಬೆಲೆ ಇದೆ, ಆಯ್ಕೆ ಹೆಚ್ಚಿದಷ್ಟೂ ಪರೀಕ್ಷಿಸುವ ಕೆಲಸ, ಕೆಡುವ ಸಾಧ್ಯತೆ, ಗೊಂದಲ ಹೆಚ್ಚುತ್ತವೆ, ಆದ್ದರಿಂದ ಆಯ್ಕೆ ಕೊಡುವ ಬದಲು ಮೊದಲೇ ಸರಿಯಾಗಿ ಮಾಡಿಕೊಡಬೇಕು ಎನ್ನುವುದು ಅದರ ತಿರುಳು. ವಾದ ಹುರುಳಿಲ್ಲದ್ದಲ್ಲ. ನೂರು ಗುಂಡಿಗಳ ಯಂತ್ರದ ಮುಂದೆ ಕಂಗಾಲಾಗಿ ಕೂತವರನ್ನು ನಾವು ನೋಡಿಲ್ಲವೆ? ಅದೇ ವರ್ಷ ಬಂದ ಗ್ನೋಮ್ 2.0ರಿಂದ ಈ ವಿಚಾರ ಆ ಯೋಜನೆಯ ನಡೆಯನ್ನೇ ರೂಪಿಸಿತು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್, ಮುದ್ರಣದ ಕಿಟಕಿಯಲ್ಲಿ ಆಯ್ಕೆಗಳನ್ನು ಮುಚ್ಚಿಟ್ಟದ್ದಕ್ಕೆ ಸಿಟ್ಟಾಗಿ, ಗ್ನೋಮ್‌ನವರು ಬಳಸುವವರನ್ನು ದಡ್ಡರೆಂದುಕೊಂಡಿದ್ದಾರೆ, ಜನ ಕೆಡಿಇ ಬಳಸಲಿ ಎಂದುಬಿಟ್ಟರು. ಅವರ ಬಾಯಿ ಸ್ವಲ್ಪ ಜೋರು. ಆದರೂ ಅವರು ಮುಟ್ಟಿದ್ದು ನೋಯುವ ಜಾಗವನ್ನೇ.

ನಮ್ಮ ದೃಷ್ಟಿಯಲ್ಲಿ ಈ ಸಿದ್ಧಾಂತದ ದೋಷ ಬೇರೆಯದು. ‘ಮೊದಲೇ ಸರಿಯಾಗಿ ಮಾಡಿಕೊಡುತ್ತೇವೆ’ ಎಂದವರು, ಸರಿ ಎಂಬುದು ಯಾರಿಗೆ ಎಂದು ಕೇಳಿಕೊಳ್ಳಲಿಲ್ಲ. ಹೆಸರುಗಳ ಸಾಲು ಯಾರಿಗೆ ಸಾಕು? ಪ್ರೋಗ್ರಾಮು ಬರೆಯುವವರಿಗೆ. ಅವರ ಫೈಲುಗಳೆಲ್ಲ ಅಕ್ಷರದವು, ಹೆಸರಿಟ್ಟವರೂ ಅವರೇ, ಇಟ್ಟದ್ದು ಇಂಗ್ಲಿಷಿನಲ್ಲಿ. ಅವರಿಗೆ ಹೆಸರೇ ವಸ್ತು. ಕ್ಯಾಮೆರಾದಿಂದ ಬಂದ ಫೋಟೋಗೆ ಹೆಸರಿಟ್ಟವರು ಯಾರೂ ಇಲ್ಲ. ಮೂರು ಇಂಗ್ಲಿಷ್ ಅಕ್ಷರ, ಮುಂದೆ ನಾಲ್ಕೈದು ಅಂಕಿ. ಮದುವೆಯ ಎಂಟುನೂರು ಫೋಟೋಗಳಲ್ಲಿ ಮದುಮಗಳು ನಗುತ್ತಿರುವ ಒಂದನ್ನು ಆ ಅಂಕಿಗಳಲ್ಲಿ ಹುಡುಕುವುದೆಂದರೆ, ಮುಖ ಗೊತ್ತಿರುವವರನ್ನು ಪಡಿತರ ಚೀಟಿಯ ನಂಬರಿನಿಂದ ಗುರುತಿಸಿ ಎಂದಂತೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನಮ್ಮ ತಾಲೂಕು ಪೇಟೆಗಳ ಸೈಬರ್ ಅಂಗಡಿಗಳಲ್ಲಿ ವಿದ್ಯಾರ್ಥಿವೇತನಕ್ಕೋ ಪಿಂಚಣಿಗೋ ಅರ್ಜಿ ತುಂಬಿಸಲು ಬರುವವರನ್ನು ನೆನೆಯಿರಿ. ಫೋಟೋ, ಸಹಿ, ಆಧಾರ್, ಆದಾಯ ಪ್ರಮಾಣಪತ್ರ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೊಂದಾಗಿ ಲಗತ್ತಿಸಬೇಕು. ಲಗತ್ತಿಸುವುದೇ ಈ ಕಿಟಕಿಯ ಮೂಲಕ. ಚಿತ್ರ ಕಾಣುತ್ತಿದ್ದರೆ ಇಂಗ್ಲಿಷ್ ಓದಲು ಬಾರದ ತಾಯಿಯೂ ಪಕ್ಕದಲ್ಲಿ ನಿಂತು ‘ಅದಲ್ಲ ಮಗಾ, ಈಚೆಯದು ನಮ್ಮದು’ ಎಂದು ಬೆರಳು ತೋರಿಸಬಲ್ಲಳು. ಹೆಸರು ಮಾತ್ರ ಕಾಣುತ್ತಿದ್ದರೆ ಆಕೆ ತನ್ನ ಕಾಗದದ ವಿಷಯದಲ್ಲೇ ಹೊರಗಿನವಳು. ಒಬ್ಬರ ಅರ್ಜಿಗೆ ಇನ್ನೊಬ್ಬರ ಕಾಗದ ಅಂಟಿಕೊಂಡು ಅದು ತಿರಸ್ಕೃತವಾಗುವುದಕ್ಕೆ ಬೇರೆ ದಾರಿಯೇ ಬೇಡ. ಥಂಬ್‌ನೇಲನ್ನು ಅಲಂಕಾರ ಎಂದುಕೊಂಡವರಿಗೆ ಅದು ಕೆಲವರ ಪಾಲಿಗೆ ಅಕ್ಷರದ ಬದಲು ಎಂಬುದು ಹೊಳೆದಿರಲಾರದು. ಆ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್. ಅಲ್ಲಿ ಚಿತ್ರ ಕಾಣುತ್ತದೆ. ಬಡವರಿಗೂ ನಿಲುಕುವ ತಂತ್ರಾಂಶ ಎಂದು ನಾವೆಲ್ಲ ಹೊಗಳಿದ ಪುಕ್ಕಟೆ ಲಿನಕ್ಸ್ ಆ ಅಂಗಡಿಗಳನ್ನು ಹೊಕ್ಕದಿರಲು ಕಾರಣಗಳು ಹಲವು. ಇದೂ ಒಂದು ಎಳೆಯಾಗಿರಬಹುದು ಎನ್ನುವುದು ನಮ್ಮ ಊಹೆ.

ಇಲ್ಲೊಂದು ಪ್ರತಿವಾದ ಬರುತ್ತದೆ. ಇದು ಸ್ವತಂತ್ರ ತಂತ್ರಾಂಶ, ಸೋರ್ಸ್ ಕೋಡ್ ತೆರೆದಿದೆ, ಬೇಕಾದವರು ತಿದ್ದಿಕೊಳ್ಳಿ. ಹಾಗೆ ತಿದ್ದಿಕೊಂಡವರೂ ಇದ್ದರು. ಥಂಬ್‌ನೇಲ್ ತೋರಿಸುವ ತೇಪೆಗಳು ಯೋಜನೆಯ ಹೊರಗೆ ವರ್ಷಗಟ್ಟಲೆ ಓಡಾಡಿದವು. ಪ್ರತಿ ಬಾರಿ ಜಿಟಿಕೆ ಹೊಸದಾದಾಗ ತೇಪೆಯನ್ನು ಮತ್ತೆ ಹೊಂದಿಸಿ, ಇಡೀ ಗ್ರಂಥಾಲಯವನ್ನು ಮತ್ತೆ ಕಂಪೈಲ್ ಮಾಡಿಕೊಳ್ಳಬೇಕು. ಮಾಡಬಲ್ಲವರು ಮಾಡಿಕೊಂಡು ಹಾಯಾಗಿದ್ದರು. ಮೇಲೆ ಹೇಳಿದ ನಗುವವರು ಇವರೇ. ಕಾಗದದ ಮೇಲೆ ಎಲ್ಲರಿಗೂ ಇರುವ ಹಕ್ಕನ್ನು ಚಲಾಯಿಸಲು ವಿದ್ಯೆ ಬೇಕಾದಾಗ ಆ ಹಕ್ಕು ವಿದ್ಯಾವಂತರ ಸೊತ್ತಾಗುತ್ತದೆ ಎಂಬುದನ್ನು ಈ ನಾಡಿನ ಜನಕ್ಕೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಲೈಸೆನ್ಸಿನಲ್ಲಿ ಬರೆದ ಸ್ವಾತಂತ್ರ್ಯ ಕಿಟಕಿಯವರೆಗೆ ಬರಲು ನಡುವೆ ಒಬ್ಬರು ಮನಸ್ಸು ಮಾಡಬೇಕಾಗಿತ್ತು. ಹದಿನೆಂಟು ವರ್ಷ ಆ ಮನಸ್ಸು ಆಗಲಿಲ್ಲ.

ಕೊಟ್ಟ ಆಯ್ಕೆಗಳಾದರೂ ಎಲ್ಲಿವೆ ಎಂದು ನೋಡಿದರೆ, ಅದು ಇನ್ನೊಂದು ಅಧ್ಯಾಯ. ಜಿಟಿಕೆಯ ಕಿಟಕಿಯಲ್ಲಿ ಫೈಲುಗಳ ಸಾಲಿನ ಮೇಲೆ ಬಲಗುಂಡಿ ಒತ್ತಿದರೆ ಚಿಕ್ಕ ಮೆನು ತೆರೆಯುತ್ತದೆ: ಮರೆಯಾದ ಫೈಲು ತೋರಿಸು, ಗಾತ್ರ ತೋರಿಸು, ಸಮಯ ತೋರಿಸು, ಫೋಲ್ಡರುಗಳು ಮೊದಲು ಬರಲಿ. ಒತ್ತಿ ನೋಡಿ ಎಂದು ಹೇಳುವ ಗುರುತು ಯಾವುದೂ ಇಲ್ಲ. ಸಮಯದ ವಿಷಯವನ್ನೇ ತೆಗೆದುಕೊಳ್ಳಿ. ಮೊದಲಿಗೆ ಇರುವ ವ್ಯವಸ್ಥೆಯಲ್ಲಿ ಇವತ್ತಿನ ಫೈಲಿಗೆ ಮಾತ್ರ ಗಂಟೆ ನಿಮಿಷ, ಹಳೆಯದಕ್ಕೆ ಬರಿಯ ದಿನ. ನಮ್ಮಂಥ ಪತ್ರಿಕೆಗಳ ಕೆಲಸದಲ್ಲಿ ಒಂದೇ ಲೇಖನ ಒಂದೇ ದಿನ ಐದು ಸಲ ತಿದ್ದುಪಡಿಯಾಗಿ ಐದು ಹೆಸರಿನಲ್ಲಿ ಕೂತಿರುತ್ತದೆ. ಮರುದಿನ ನೋಡಿದರೆ ಐದರ ಎದುರಿಗೂ ‘ನಿನ್ನೆ’. ಕೊನೆಯದು ಯಾವುದು ಎಂದು ಬರಿಗಣ್ಣಿಗೆ ಹೇಳದ ಪಟ್ಟಿಯಿಂದ ಆರಿಸಿದ ಪುಟ ಅಚ್ಚಿಗೆ ಹೋದರೆ, ತಪ್ಪು ಹೊತ್ತುಕೊಳ್ಳುವುದು ಕರಡು ತಿದ್ದುವವರು.

ಕಿಟಕಿ ತೆರೆದಾಗ ಮೊದಲು ಯಾವ ಜಾಗ ಕಾಣಬೇಕು, ಇತ್ತೀಚೆಗೆ ಬಳಸಿದ ಫೈಲುಗಳೋ ಅಥವಾ ನಿಂತ ಫೋಲ್ಡರೋ, ಎನ್ನುವುದನ್ನು ಬದಲಿಸಲು ಆ ಮೆನುವೂ ಸಾಲದು. ಡಿಕಾನ್ಫ್ ಎಂಬ ಉಗ್ರಾಣಕ್ಕೆ ಇಳಿಯಬೇಕು. ಅಲ್ಲಿ ಇಂಗ್ಲಿಷಿನ ಗುಪ್ತ ಹೆಸರುಗಳ ಕೆಳಗೆ ಸೆಟ್ಟಿಂಗುಗಳು ಮಲಗಿವೆ. ತಮಾಷೆಯೆಂದರೆ, ಜಿಟಿಕೆ ಮೂರನೆಯ ಆವೃತ್ತಿಯ ಪ್ರೋಗ್ರಾಮುಗಳಿಗೆ ಒಂದು ಗೂಡು, ನಾಲ್ಕನೆಯ ಆವೃತ್ತಿಯವಕ್ಕೆ ಇನ್ನೊಂದು. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಮುಟ್ಟದು. ಯಾವ ಪ್ರೋಗ್ರಾಮು ಯಾವ ಆವೃತ್ತಿಯದೆಂದು ಬಳಸುವವರಿಗೆ ತಿಳಿಯುವ ದಾರಿಯಿಲ್ಲ, ತಿಳಿಯಬೇಕಾದ ಅಗತ್ಯವೂ ಇರಬಾರದು. ಆಯ್ಕೆ ಕಡಿಮೆ ಮಾಡಿದ್ದೇ ಗೊಂದಲ ತಪ್ಪಿಸಲು ಎಂದಿದ್ದರಲ್ಲ, ಆ ಗೊಂದಲ ಕಣ್ಣಿಗೆ ಕಾಣದ ಕಡೆ ಸರಿದು ಕೂತಿತು, ಅಷ್ಟೆ.

ಹೆಸರಿನ ವಿಷಯಕ್ಕೆ ಬರೋಣ. ಕನ್ನಡದವರಿಗೆ ಈ ಕಿಟಕಿಯ ಕತೆ ಥಂಬ್‌ನೇಲಿಗಿಂತ ಹಳೆಯದು, ಹೆಚ್ಚು ನೋವಿನದು. ಬರಹ, ನುಡಿ ಮುಂತಾದ ತಂತ್ರಾಂಶಗಳು ಬಂದ ಕಾಲದಲ್ಲಿ ಅವುಗಳ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಫಾಂಟ್ ಹಾಕಿದ ಪುಟದೊಳಗೆ ಮುತ್ತಿನಂಥ ಕನ್ನಡ. ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲಿನ ಕಿಟಕಿ ಬಳಸುವುದು ಯಂತ್ರದ ಸ್ವಂತ ಫಾಂಟನ್ನು. ಹಾಗಾಗಿ ಪುಟದ ಒಳಗೆ ಕನ್ನಡ ಬರೆದವರು ಆ ಪುಟಕ್ಕೆ ಕನ್ನಡದಲ್ಲಿ ಹೆಸರಿಡುವಂತಿರಲಿಲ್ಲ. ಇಟ್ಟರೆ ಕಿಟಕಿಯಲ್ಲಿ ಕಸದಂತೆ ಕಾಣುತ್ತಿತ್ತು. ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಮುಂದೆ ಕೂತು ಕನ್ನಡ ಪುಸ್ತಕಗಳನ್ನೆಲ್ಲ ಜೋಡಿಸಿದ ಹುಡುಗ ಹುಡುಗಿಯರು ಅವುಗಳಿಗೆ ಇಂಗ್ಲಿಷ್ ಲಿಪಿಯಲ್ಲೇ ಹೆಸರಿಟ್ಟರು. ಒಬ್ಬರು ‘ಲೇಖನ’ಕ್ಕೆ ಒಂದು ಈ ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಿದ್ದರು, ಮತ್ತೊಬ್ಬರು ಹೆಚ್ ಬಿಡುತ್ತಿದ್ದರು. ಅಕ್ಷರಾನುಕ್ರಮದಲ್ಲಿ ಒಂದೇ ಲೇಖನದ ಮೂರು ಪ್ರತಿ ಮೂರು ಕಡೆ. ಇಡೀ ಒಂದು ತಲೆಮಾರಿನ ಕನ್ನಡ ಬರವಣಿಗೆ ಯಂತ್ರದೊಳಗೆ ಇಂಥ ಹೆಸರುಗಳಲ್ಲಿ ಬದುಕಿದೆ. ಹೆಸರಿಟ್ಟವರು ಕೆಲಸ ಬಿಟ್ಟು ಹೋದ ಮೇಲೆ ಆ ಸಿಡಿಗಳಲ್ಲಿ ಏನಿದೆಯೆಂದು ಒಂದೊಂದನ್ನೇ ತೆರೆದು ನೋಡಬೇಕಾದ ಸ್ಥಿತಿ ಎಷ್ಟೋ ಪ್ರಕಾಶಕರದು.

ಯುನಿಕೋಡ್ ಬಂದು ಇದು ಬಹುಮಟ್ಟಿಗೆ ನೀಗಿತು. ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನ ಜೊತೆ ಬಂತು. ಲಿನಕ್ಸ್‌ನಲ್ಲೂ ಕನ್ನಡ ಮೂಡಿತು. ಗ್ನೋಮ್‌ನ ಮೆನು, ಗುಂಡಿಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರ ಶ್ರಮ ದೊಡ್ಡದು. ‘ಉಮ್ಮನ ಆಧಾರ್’ ಎಂದು ಫೈಲಿಗೆ ಹೆಸರಿಟ್ಟರೆ ಅದು ಹಾಗೆಯೇ ಕಾಣುತ್ತದೆ. ಆದರೆ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ? ಯುನಿಕೋಡ್‌ನಲ್ಲಿ ಅಕ್ಷರಗಳಿಗೆ ಕೊಟ್ಟ ಕ್ರಮಸಂಖ್ಯೆಯಲ್ಲಿ ಳಕಾರ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲಿದೆ. ನಮ್ಮ ಮಗ್ಗಿಯಲ್ಲಿ ಳ ಕೊನೆಯದು. ಆ ಸಂಖ್ಯೆಯನ್ನೇ ನಂಬಿ ಜೋಡಿಸುವ ಪ್ರೋಗ್ರಾಮಿನಲ್ಲಿ ‘ಮಳೆ’ ಮೊದಲು, ‘ಮಸೀದಿ’ ಆಮೇಲೆ. ನಿಘಂಟು ನೋಡಿ ಬೆಳೆದ ಕಣ್ಣು ಮಸೀದಿಯನ್ನು ಮೊದಲು ಹುಡುಕುತ್ತದೆ. ಕನ್ನಡದ ಕ್ರಮ ತಿಳಿದ ಪ್ರೋಗ್ರಾಮುಗಳೂ ಇವೆ. ಆದರೆ ಯಂತ್ರದ ಭಾಷೆಯನ್ನು ಏನೆಂದು ಆರಿಸಿದ್ದೇವೆ ಎಂಬುದರ ಮೇಲೆ ಜೋಡಣೆ ಬದಲಾಗುವ ಕಡೆಗಳಲ್ಲಿ, ಇಂಗ್ಲಿಷನ್ನು ಆರಿಸಿಕೊಂಡ ಯಂತ್ರದಲ್ಲಿ ನಮ್ಮ ಕನ್ನಡ ಹೆಸರುಗಳು ಹೇಗೆ ನಿಲ್ಲಬೇಕೆಂದು ಹೇಳುವ ಸೆಟ್ಟಿಂಗನ್ನು ಈ ಕಿಟಕಿಯಲ್ಲಿ ಯಾರೂ ಇಟ್ಟಿಲ್ಲ.

ಉದ್ದದ ಲೆಕ್ಕವೂ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಫೈಲು ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಅವರಿಗೆ 255, ನಮಗೆ 85. ಅದರಲ್ಲೂ ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ, ಯಂತ್ರಕ್ಕೆ ಆರು ಚಿಹ್ನೆ, ಹದಿನೆಂಟು ಬೈಟ್. ಉದ್ದನೆಯ ಕನ್ನಡ ಶೀರ್ಷಿಕೆಯ ಪುಸ್ತಕವನ್ನು ಅದೇ ಹೆಸರಿನಲ್ಲಿ ಉಳಿಸಲು ಹೋದಾಗ ‘ಹೆಸರು ತೀರ ಉದ್ದವಾಯಿತು’ ಎಂದು ಗದರಿಸಿಕೊಂಡವರಿಗೆ ಇದರ ಕಾರಣ ಇದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಚಿಹ್ನೆಗಳನ್ನು ಬೇರೆ ರೀತಿ ಎಣಿಸುವುದರಿಂದ ಅಲ್ಲಿ ಈ ಅಂತರವಿಲ್ಲ.

ಉರ್ದುವಿನಲ್ಲಿ ಹೆಸರಿಡುವವರ ಪಾಡು ಇನ್ನೊಂದು ಥರ. ಹೆಸರು ಬಲದಿಂದ ಎಡಕ್ಕೆ, ಕೊನೆಯಲ್ಲಿ ಚುಕ್ಕಿ ಹಾಕಿ ಬರುವ ಫೈಲಿನ ಜಾತಿ ಇಂಗ್ಲಿಷಿನಲ್ಲಿ ಎಡದಿಂದ ಬಲಕ್ಕೆ. ನಡುವೆ ಒಂದು ಅಂಕಿ ಬಂದರೆ ಯಾವುದು ಯಾವುದರ ಹಿಂದೆ ಎಂದು ತಿಳಿಯದಂತೆ ಹೆಸರು ಕಲಸಿಕೊಳ್ಳುತ್ತದೆ. ಬಲದಿಂದ ಎಡಕ್ಕೆ ತಿರುಗಿಸಲೆಂದು ಯುನಿಕೋಡ್‌ನಲ್ಲಿರುವ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಕಳ್ಳರೂ ಬಳಸಿಕೊಂಡರು: ಅದನ್ನು ಹೆಸರಿನ ನಡುವೆ ತುರುಕಿದರೆ ಅಪಾಯದ ಪ್ರೋಗ್ರಾಮು ಕಿಟಕಿಯಲ್ಲಿ ಸಾಧು ಫೋಟೋದಂತೆ ಕಾಣುತ್ತದೆ. ಹೆಸರಿನ ಬಾಲವನ್ನು ಮರೆಮಾಡುವ ವಿಂಡೋಸ್‌ನ ಹಳೆಯ ಅಭ್ಯಾಸವೂ ಇಂಥದೇ ಕೆಲಸಕ್ಕೆ ಒದಗಿತ್ತು. 2000ದ ಮೇ ತಿಂಗಳಲ್ಲಿ ಲೋಕವನ್ನೇ ಕಾಡಿದ ‘ಐ ಲವ್ ಯು’ ವೈರಸ್ ಪ್ರೇಮಪತ್ರದ ವೇಷ ಹಾಕಿದ್ದು ಅದರ ಬಲದಿಂದ.

ಹಾಗಾದರೆ ಎಲ್ಲವನ್ನೂ ತೋರಿಸಿಬಿಡಬೇಕೆ? ಇಲ್ಲಿ ನಮ್ಮ ವಾದಕ್ಕೆ ನಾವೇ ಕಡಿವಾಣ ಹಾಕಿಕೊಳ್ಳಬೇಕಾಗುತ್ತದೆ. ಚಿತ್ರ ತೋರಿಸಲು ಯಂತ್ರ ಪ್ರತಿ ಫೋಟೋದ ಕಿರು ಪ್ರತಿಯೊಂದನ್ನು ಮಾಡಿ ಬೇರೊಂದು ಫೋಲ್ಡರಿನಲ್ಲಿ ಬಚ್ಚಿಡುತ್ತದೆ. ಲಿನಕ್ಸ್‌ನಲ್ಲಿ ಅದರ ಅಳತೆ ಸಾಮಾನ್ಯವಾಗಿ 128 ಅಥವಾ 256 ಚುಕ್ಕಿ. ಮೂಲ ಫೋಟೋವನ್ನು ಅಳಿಸಿದರೂ ಕಿರು ಪ್ರತಿ ಒಡನೆಯೇ ಅಳಿಯುತ್ತದೆಂಬ ಖಾತ್ರಿಯಿಲ್ಲ. ಹಲವರು ಬಳಸುವ ಅಂಗಡಿಯ ಯಂತ್ರದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಫೋಟೋವನ್ನು ಅರ್ಜಿಗೆ ಹಾಕಿ, ಜಾಗ್ರತೆಯಿಂದ ಅಳಿಸಿ ಹೋದ ಮೇಲೂ ಅವಳ ಮುಖದ ನೆರಳು ಅಲ್ಲಿ ಉಳಿದಿರಬಹುದು. ‘ಇತ್ತೀಚಿನವು’ ಎಂಬ ಪಟ್ಟಿಯೂ ಹಾಗೆಯೇ. ನಾವು ನಿನ್ನೆ ತೆರೆದ ಆಸ್ಪತ್ರೆಯ ವರದಿಯನ್ನು ಇವತ್ತು ಕೂತವರ ಮುಂದೆ ಹೆಸರು ಸಮೇತ ಇಡುತ್ತದೆ. ಗ್ನೋಮ್‌ನ ಸೆಟ್ಟಿಂಗುಗಳಲ್ಲಿ ಈ ಚರಿತ್ರೆಯನ್ನು ನಿಲ್ಲಿಸುವ ಗುಂಡಿ ಇದೆ ಎಂಬುದನ್ನು ಒಪ್ಪಿ ಹೇಳಬೇಕು. ಕಾಣಿಸು ಎನ್ನುವ ಹಕ್ಕಿನಷ್ಟೇ ಮರೆಮಾಡು ಎನ್ನುವ ಹಕ್ಕೂ ಮುಖ್ಯ. ಎರಡೂ ಒಬ್ಬರ ಕೈಯಲ್ಲೇ ಇರಬೇಕಾದವು, ಆ ಫೈಲು ಯಾರದೋ ಅವರ ಕೈಯಲ್ಲಿ.

ಈಚಿನ ವರ್ಷಗಳಲ್ಲಿ ಈ ಕಿಟಕಿ ಪ್ರೋಗ್ರಾಮುಗಳ ಕೈಯಿಂದ ಜಾರುತ್ತಿದೆ. ಲಿನಕ್ಸ್‌ನಲ್ಲಿ ಪೋರ್ಟಲ್ ಎಂಬ ಏರ್ಪಾಡು ಬಂದಿದೆ. ಫ್ಲಾಟ್‌ಪ್ಯಾಕ್ ರೂಪದಲ್ಲಿ ಬರುವ ಪ್ರೋಗ್ರಾಮು ನಮ್ಮ ಫೋಲ್ಡರುಗಳನ್ನು ತಾನೇ ಜಾಲಾಡುವ ಬದಲು ‘ಒಂದು ಫೈಲು ಕೊಡಿ’ ಎಂದು ಡೆಸ್ಕ್‌ಟಾಪನ್ನು ಕೇಳಬಹುದು; ಕಿಟಕಿ ತೆರೆಯುವುದು ಡೆಸ್ಕ್‌ಟಾಪು. ನಾವು ಆರಿಸಿದ್ದಷ್ಟೇ ಪ್ರೋಗ್ರಾಮಿಗೆ ಸಿಗುತ್ತದೆ. ನಡುಮನೆಗೆ ನುಗ್ಗುತ್ತಿದ್ದವರನ್ನು ಜಗಲಿಯಲ್ಲಿ ಕೂರಿಸಿ ಬೇಕಾದ್ದನ್ನು ತಂದುಕೊಟ್ಟಂತೆ. ಇದು ಒಳ್ಳೆಯ ಬೆಳವಣಿಗೆ. 2024ರ ಸೆಪ್ಟೆಂಬರಿನಲ್ಲಿ ಬಂದ ಗ್ನೋಮ್ 47ರಿಂದ ಆ ಕಿಟಕಿಯನ್ನು ಒದಗಿಸುವುದು ‘ಫೈಲ್ಸ್’, ಅಂದರೆ ನಾವು ದಿನವೂ ಫೋಲ್ಡರು ನೋಡುವ ಪ್ರೋಗ್ರಾಮೇ. ಅಲ್ಲಿ ಕಾಣುವ ಚಿತ್ರ ಇಲ್ಲೂ ಕಾಣುತ್ತದೆ. ಒಂದೇ ಕಡೆ ಸೆಟ್ಟಿಂಗು, ಎಲ್ಲ ಕಡೆ ಫಲ ಎಂಬ 1984ರ ಆಸೆಗೆ ಇದು ಹತ್ತಿರದ ದಾರಿ. ಕನ್ನಡದ ಅಕ್ಷರಕ್ರಮ, ಉರ್ದು ಹೆಸರಿನ ದಿಕ್ಕು, ಸಮಯದ ಪೂರ್ಣ ವಿವರ, ಇವನ್ನೆಲ್ಲ ಸರಿಪಡಿಸಿ ಎಂದು ಕೇಳಲು ನಮ್ಮಂಥವರಿಗೆ ಈಗ ಬಾಗಿಲುಗಳು ಕಡಿಮೆ. ಕನ್ನಡದ ಪರವಾಗಿ ಆ ಬಾಗಿಲು ತಟ್ಟುವ ಕೆಲಸವನ್ನು ಕೆಲವೇ ಸ್ವಯಂಸೇವಕರ ಹೆಗಲಿಗೆ ಬಿಟ್ಟಿದ್ದೇವೆ. ಕನ್ನಡ ಗಣಕೀಕರಣವೆಂದರೆ ಫಾಂಟು, ಕೀಲಿಮಣೆ ಎಂದು ತಿಳಿದು ಇಷ್ಟು ವರ್ಷ ಕಳೆದಿರುವ ನಮ್ಮ ಅಕಾಡೆಮಿ, ವಿಶ್ವವಿದ್ಯಾಲಯಗಳ ಪಟ್ಟಿಗೆ ಇದೂ ಸೇರಬೇಕು.

ಎಲ್ಲ ಪ್ರೋಗ್ರಾಮುಗಳೂ ಪೋರ್ಟಲಿನ ಮೂಲಕ ಬರುವುದಿಲ್ಲ; ಹಳೆಯ ಕಿಟಕಿ ಇನ್ನೂ ಹಲವು ಕಡೆ ತೆರೆಯುತ್ತದೆ. 2025ರ ಮಾರ್ಚಿನಲ್ಲಿ, ಬಹಳ ಕಾಲದಿಂದ ಜನ ಕಾಯುತ್ತಿದ್ದ ಗಿಂಪ್ 3.0 ಬಿಡುಗಡೆಯಾಯಿತು. ಅದು ನಿಂತಿರುವುದು ಜಿಟಿಕೆಯ ಮೂರನೆಯ ಆವೃತ್ತಿಯ ಮೇಲೆ, ಥಂಬ್‌ನೇಲುಗಳ ಹರಹು ಬಂದದ್ದು ನಾಲ್ಕನೆಯದಕ್ಕೆ. ಯಾವ ತಂತ್ರಾಂಶಕ್ಕಾಗಿ ಜಿಟಿಕೆ ಹುಟ್ಟಿತೋ ಅದರಲ್ಲಿ ‘ಓಪನ್’ ಒತ್ತಿದರೆ ಈಗಲೂ ಹೆಸರುಗಳ ಸಾಲು. ಒಂದೊಂದನ್ನೇ ಒತ್ತಿದಾಗ ಬದಿಯಲ್ಲಿ ಅದರ ಚಿತ್ರ ಮೂಡುತ್ತದೆ.